ಹುಲಿಗೆಮ್ಮ ಓದಿ ಹೇಳಿದ ಕೊಲೆಗಾರ

ಸರಸ್ವತಿ ನಗರದಲ್ಲಿ ನಮ್ಮ ಪಕ್ಕದ ಮನೆಯ ಹುಲಿಗೆಮ್ಮ ದೊಡ್ಡಮ್ಮನಿಗೆ ಅರವತ್ತಮೂರು. ವಯಸ್ಸಿನಲ್ಲಿದ್ದಾಗ ಇಲ್ಲಿನ ಮಿಲ್ಲೊಂದರಲ್ಲಿ ನೂಲು ಸುತ್ತುತ್ತಿದ್ದವರು. ನಾನು ವಿದ್ಯಾನಗರದ ಹಾಸ್ಟೆಲ್ ಆಫೀಸಿಗೆ ಹೋದಾಗ ಎರಡು ವರ್ಷದ ನನ್ನ ಕೀರ್ತನಾಳನ್ನು ನೋಡಿಕೊಳ್ಳುವವರು ಅವರೇ. ಸಂಜೆ ಮಗು ನನ್ನ ಕೈಗೆ ಬರುವುದು ಹೊಟ್ಟೆ ತುಂಬಿ, ತಲೆ ಬಾಚಿಸಿಕೊಂಡು. ಅದಕ್ಕೇ ಅವರ ಸಿಟ್ಟನ್ನು ನಾನು ಎದುರಾಡದೆ ಕೇಳುತ್ತೇನೆ.

ಈ ಸಲದ ಸಿಟ್ಟು ಟೀವಿಯ ಮೇಲೆ. ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಈ ಕಾಲಕ್ಕೆ ಎಳೆದು ತಂದು ಧಾರಾವಾಹಿ ಮಾಡಿದ್ದರು.

"ಇವ್ನು ಪತ್ತೇದಾರ ಶ್ರೀಕಂಠನಾ? ನಮ್ಮ ಶ್ರೀಕಂಠ ಚಪ್ಪಲಿ ಸವೆದಿದ್ದು ನೋಡಿ ಮನುಷ್ಯ ಎಂಥವ್ನು ಅಂತ ಹೇಳ್ತಿದ್ದ. ಇವ್ನು ಬರೀ ಫೋನ್ ತಿಕ್ತಾನೆ. ಅದನ್ನ ಕಸ್ಕೊಂಡ್ರೆ ತನ್ನ ಮನೀನೂ ಸಿಗಂಗಿಲ್ಲ ಇವ್ನಿಗೆ!"

ಕೊನೆಯ ಕಂತಿನಲ್ಲಿ ಕೊಲೆ ಮಾಡಿದವಳು ಮನೆಯ ಆಯಾ ಎಂದಾದಾಗ ದೊಡ್ಡಮ್ಮ ಟೀವಿಯ ಸ್ವಿಚ್ಚನ್ನೇ ಆರಿಸಿಬಿಟ್ಟರು.

"ಪುಸ್ತಕದಾಗೆ ಕೊಂದದ್ದು ಸಾಹುಕಾರ! ಇವರಿಗೆ ಬಡವರ ಹೆಣ್ಮಕ್ಕಳೇ ಸಿಕ್ಕಿದ್ರಾ? ಬರಿ ಸುನೀತಾ, ನಿನ್ನ ಫೋನಾಗೆ ನಾನು ಹೇಳ್ದಂಗೆ ಬರಿ."

ಧಾರಾವಾಹಿಯ ಅಭಿಮಾನಿಗಳ ಗುಂಪಿನಲ್ಲಿ ಅವರ ಹೆಸರು ಹಾಕಿಯೇ ಬರೆದೆ. ಬೈಗುಳ ಅರ್ಧ ಕಡಿಮೆ ಮಾಡಿದ್ದೆ, ಅಷ್ಟೇ.

ಅವರ ಮಾತಿಗೆ ಒಂದು ಆಧಾರವಿತ್ತು. ಮಿಲ್ಲಿನಲ್ಲಿ ಜೊತೆಗಿದ್ದ ಹನ್ನೆರಡು ಹೆಂಗಸರಲ್ಲಿ ಏಳನೇ ಕ್ಲಾಸು ಪಾಸಾದವರು ಇವರೊಬ್ಬರೇ. ಬಾಡಿಗೆ ಪುಸ್ತಕ ತಂದು, ಊಟದ ಹೊತ್ತಿನಲ್ಲಿ ದಿನಕ್ಕೆ ನಾಲ್ಕು ಪುಟ ಓದಿ ಹೇಳುತ್ತಿದ್ದರಂತೆ. ಈ ಕಾದಂಬರಿಯನ್ನೂ ಹಾಗೆಯೇ ಓದಿ ಹೇಳಿದ್ದರು. ಆ ಕೂಟದಲ್ಲಿ ಈಗ ಉಳಿದಿರುವ ಗೆಳತಿ ಓಬವ್ವ. ಹರಿಹರದಲ್ಲಿ ಮಗನ ಮನೆಯಲ್ಲಿದ್ದಾರೆ. ಸೊಸೆ ಶಾಂತಲಾಗೆ ಈ ಧಾರಾವಾಹಿ ಎಂದರೆ ಪ್ರಾಣ, ಓಬವ್ವನಿಗೆ ವಿಷ. "ನಮ್ಮ ಹುಲಿಗಿ ಓದಿದ್ದು ಸುಳ್ಳಾದ್ರೆ ನಿನ್ನ ಟೀವಿ ಮುಂದೆ ಕಿವಿ ಹಿಡ್ಕೊಂತೀನಿ" ಎಂದು ಸೊಸೆಗೆ ಸವಾಲು ಹಾಕಿದ್ದರು.

ಮರುದಿನ ನನ್ನ ಬರಹದ ಕೆಳಗೆ ತಿಪ್ಪೇಶ್ ಎಂಬ ಯಾರೋ ಒಬ್ಬರು ಆ ಹಳೇ ಪುಸ್ತಕದ ಕೊನೆಯ ಪುಟದ ಫೋಟೋ ಹಾಕಿದ್ದರು. "ಅಮ್ಮಾವ್ರೇ, ಮೊದ್ಲು ಓದಿ, ಆಮೇಲೆ ಬೈಯಿರಿ." ಪುಟದಲ್ಲಿ ಸಿಕ್ಕಿಬಿದ್ದವಳು ಆಯಾನೇ. ಕೆಳಗೆ ನಗುವವರ ಸಾಲು.

ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ಎರಡು ಸಲ ಓದಿದರು.

"ನಾನು ತಂದ ಪುಸ್ತಕದಾಗೆ ಈ ಹಾಳಿ ಇರ್ಲಿಲ್ಲ. ಹರಿದಿತ್ತು."

"ಮತ್ತೆ ಸಾಹುಕಾರ?"

"ಅಷ್ಟು ಮಂದಿ ಬುತ್ತಿ ಬಿಚ್ಚಿ, ತುತ್ತು ಕೈಯಾಗೆ ಹಿಡ್ಕಂಡು ಕೂತಿದ್ರು. ಹಾಳಿ ಇಲ್ಲ ಅಂತ ಎದ್ದು ಹೋಗ್ಲಾ? ಬಾಯಿಗೆ ಬಂದವ್ನು ಸಾಹುಕಾರ. ಎಲ್ಲಾ ಚಪ್ಪಾಳೆ ಹೊಡೆದ್ರು." ಕನ್ನಡಕ ತೆಗೆದಿಟ್ಟು, "ಸೊಸೆ ಬಾಯಿಂದ ಓಬಿಗೆ ಇದು ಗೊತ್ತಾಗಬಾರ್ದು, ನಾನೇ ಹೇಳ್ಬೇಕು, ನಡಿ" ಎಂದರು.

ಭಾನುವಾರ ಮಗುವನ್ನೂ ಹಾಲಿನ ಬಾಟಲಿಯನ್ನೂ ಎತ್ತಿಕೊಂಡು ಹರಿಹರದ ಬಸ್ಸು ಹತ್ತಿದೆವು. ತಡವಾಗಿತ್ತು. ಶಾಂತಲಾ ಫೋಟೋ ನೋಡಿ, ಅತ್ತೆಗೆ ಓದಿಯೂ ಹೇಳಿದ್ದಳು. "ಬರ್ರಿ, ಕೂಡ್ರಿ" ಎಂದವಳೂ ಅವಳೇ.

ದೊಡ್ಡಮ್ಮ ಹರಿದ ಹಾಳಿಯ ವಿಷಯ ಹೇಳಿದರು.

"ನಮಗೆ ಅಕ್ಷರ ಬರ್ತಿರ್ಲಿಲ್ಲ, ಅದ್ಕೇ ಅಲ್ವೇನೇ?" ಎಂದರು ಓಬವ್ವ.

"ಹಂಗಲ್ಲೇ ಓಬಿ, ನಿಮ್ಮ ಖುಷಿಗೆ…"

"ಯಾರ ಖುಷಿಗೆ? ಹಾಳಿ ಹರಿದೈತೆ ಅಂದಿದ್ರೆ ನಾವೇ ಕೂತು ಯಾರು ಕೊಂದ್ರು ಅಂತ ಹುಡುಕ್ತಿದ್ವಿ. ನನಗೆ ಅವತ್ತೇ ಆಯಾ ಮ್ಯಾಲೆ ಅನುಮಾನ ಇತ್ತು ಕಣೇ! ಹೇಳಿದ್ದೆ ನಿಂಗೆ. ನೀನು ಸಾಹುಕಾರ ಅಂದಿ, ಎಲ್ಲಾ ನನ್ನ ನೋಡಿ ನಕ್ರು. ಓದು ಬರದವಳ ಬುದ್ಧಿ ಇಷ್ಟೇ ಅಂತ ನಾನೂ ನಕ್ಕೆ. ಮೂವತ್ತೈದು ವರ್ಷ ಆತು."

ದೊಡ್ಡಮ್ಮನ ಕೈ ಸೆರಗಿನ ತುದಿ ಸುತ್ತುತ್ತಿತ್ತು. "ಆ ಬರೆದವ್ನೂ ತಪ್ಪೇ ಬರೆದಾನೆ" ಎಂದು ಗೊಣಗಿದರು. ಆ ಮಾತೊಂದು ಬೇಡವಾಗಿತ್ತು.

"ಓದು" ಎಂದರು ಓಬವ್ವ. "ಆ ಹಾಳಿ ಈಗ ಓದು. ಇದ್ದದ್ದು ಇದ್ದಂಗೆ. ಏ ತಂಗಿ, ನೀನು ಪಕ್ಕದಾಗೆ ಕೂತು ನೋಡ್ತಿರು. ಒಂದಕ್ಷರ ಹೆಚ್ಚುಕಡಿಮೆ ಆದ್ರೆ ನಿಲ್ಸು."

ದೊಡ್ಡಮ್ಮ ನನ್ನ ಮುಖ ನೋಡಿದರು. ನನ್ನ ಮಗುವನ್ನು ನಾನು ಕಣ್ಣು ಮುಚ್ಚಿ ಒಪ್ಪಿಸುವ ಹೆಂಗಸು. ಆದರೂ ಫೋನ್ ಹಿಡಿದು ಸಾಲಿನ ಕೆಳಗೆ ಬೆರಳಿಟ್ಟೆ. ಅವರು ಓದಿದರು. ಶ್ರೀಕಂಠ ಬಾಗಿಲು ಮುಚ್ಚಿದ, ಆಯಾ ಒಪ್ಪಿಕೊಂಡಳು, ಪೊಲೀಸರು ಕರೆದೊಯ್ದರು. ದನಿ ಎರಡು ಕಡೆ ಒಡೆಯಿತು. ಒಂದು ಪದವೂ ತಪ್ಪಲಿಲ್ಲ.

ಓಬವ್ವ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನು ಕೇಳಿದರು: "ಸರಿ ಓದಿದ್ಲಾ?"

"ಹೂಂ ಅಮ್ಮ. ಸರಿಯಾಗಿ ಓದಿದ್ರು."

ಓಬವ್ವ ಎದ್ದು ಟೀವಿಯ ಮುಂದೆ ನಿಂತು, ಮೊಣಕೈ ಅಡ್ಡ ಹಾಕಿ ಎರಡೂ ಕಿವಿ ಹಿಡಿದುಕೊಂಡರು. ಶಾಂತಲಾ "ಬ್ಯಾಡ ಬಿಡ್ರಿ ಅತ್ತಿ" ಎಂದು ಓಡಿ ಬಂದಳು.

"ಮಾತು ಮಾತೇ" ಎಂದ ಓಬವ್ವ ಚಾಪೆಯ ಮೇಲೆ ಕೂತರು. "ಹಾಕು ಆ ಧಾರಾವಾಹಿ, ಮೊದಲ್ನೇ ಕಂತಿಂದ. ಹೆಂಗೆ ಮಾಡ್ಯಾರೋ ನಾನೇ ನೋಡ್ತೀನಿ."

ನಾವು ಚಪ್ಪಲಿ ಮೆಟ್ಟುವಾಗ ಒಳಗೆ ಧಾರಾವಾಹಿಯ ಹಾಡು ಶುರುವಾಗಿತ್ತು. ಹೋಗಿ ಬರ್ರಿ ಎಂದು ಯಾರೂ ಅನ್ನಲಿಲ್ಲ.