ಮೋಡದೊಳಗಿನ ಶಟ್ಟೆವ್ವ

ಹೊತ್ತು ಹುಟ್ಟುವ ಮೊದಲು ಸಂಗೊಳ್ಳಿಯ ಶಟ್ಟೆವ್ವ ಮುಗಿಸಬೇಕಾದ ಕೆಲಸಗಳು ಇವು: ಅಂಗಳ ಗುಡಿಸಿ ನೀರು ಹೊಡೆಯುವುದು, ಎರಡು ಎಮ್ಮೆಗಳ ಸಗಣಿ ಬಳಿದು ಹಾಲು ಹಿಂಡುವುದು, ಅತ್ತೆ ಬಾಯವ್ವನಿಗೆ ನೀರು ಕಾಯಿಸುವುದು, ಮನೆಗೆ ಇಪ್ಪತ್ತು ಮತ್ತು ಬೈಲಹೊಂಗಲದ ಖಾನಾವಳಿಗೆ ನೂರು ರೊಟ್ಟಿ ಬಡಿಯುವುದು, ಗಂಡ ಪರಸಪ್ಪನ ಮೊಬೈಲನ್ನು ಚಾರ್ಜಿಗೆ ಹಾಕುವುದು. ಕೊನೆಯದನ್ನು ಮರೆತರೆ ಮನೆಯಲ್ಲಿ ರಂಪ. ಪರಸಪ್ಪನಿಗೆ ಎದ್ದ ಕೂಡಲೇ ಒಂದು ವಿಮಾನ ಬೀಳಬೇಕು.

ಹಾಸಿಗೆಯಲ್ಲೇ ಕುಳಿತು ಅವನು ನೋಡುವುದು ಒಂದೇ ಬಗೆಯ ವಿಡಿಯೋ. ವಿಮಾನ ಬಿದ್ದು ಸತ್ತ ಹೆಸರಾಂತರು: ಮಂತ್ರಿಗಳು, ಸಿನಿಮಾದವರು, ಯಾವುದೋ ದೇಶದ ಹಾಡುಗಾರರು. ಎಲ್ಲಿ ಬಿತ್ತು, ಮಂಜಿತ್ತೋ ಮಳೆಯಿತ್ತೋ, ಎಲ್ಲ ಬಾಯಿಪಾಠ. ಮಗಳ ಕ್ಲಾಸು ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಅಡುಗೆಮನೆಯ ಕಡೆ ತಿರುಗಿ, ‘ಏಯ್, ಅನ್ನಪೂರ್ಣಾ ಎಷ್ಟನೇ ಕ್ಲಾಸಿನ್ಯಾಗ ಅದಾಳ?’ ಎಂದು ಕೂಗುತ್ತಾನೆ.

ಇಷ್ಟೆಲ್ಲ ನೋಡಿ ಅವನು ಕಂಡುಕೊಂಡ ಸತ್ಯವನ್ನು ಚಹಾದಂಗಡಿಯಲ್ಲಿ ದಿನವೂ ಹೇಳುತ್ತಾನೆ. ‘ದೊಡ್ಡ ಮಂದಿ ಹತ್ತಿದ್ರನ ವಿಮಾನ ಬೀಳತೈತಿ. ಸಣ್ಣ ಮಂದಿ ಬಸ್ಸಿನ್ಯಾಗ ಸಾಯತಾರ.’

ಇಂಥ ಮನೆಯ ಹೆಂಗಸಿಗೆ ದಿಲ್ಲಿಯಿಂದ ಕರೆ ಬಂತು. ಮಹಿಳಾ ಸಂಘಗಳ ಮೇಳವಂತೆ. ಆರು ದಿನ ಅಲ್ಲಿ ರೊಟ್ಟಿ ಬಡಿದು ಮಾರಬೇಕು, ಬೆಳಗಾವಿಯಿಂದ ವಿಮಾನದಲ್ಲಿ ಹೋಗಬೇಕು. ಸವದತ್ತಿಯ ಗುಡ್ಡ, ಧಾರವಾಡದ ದವಾಖಾನೆ ಬಿಟ್ಟರೆ ಬೇರೇನೂ ಕಾಣದ ಶಟ್ಟೆವ್ವ, ಸಂಘದ ರಂಜನಾ ಈ ಸುದ್ದಿ ಹೇಳಿದ ದಿನ ಮೂರು ರೊಟ್ಟಿ ಸುಟ್ಟಳು. ಮದುವೆಯಾದಾಗಿನಿಂದ ಅವಳು ರೊಟ್ಟಿ ಸುಟ್ಟದ್ದು ಅದೇ ಮೊದಲು.

ಪರಸಪ್ಪನೂ ಖುಷಿಯಾದ. ‘ಹೋಗ ಹೋಗ, ನೀ ಸಣ್ಣ ಮಂದಿ, ಏನೂ ಆಗೂದಿಲ್ಲ,’ ಎಂದವನೇ ಬೈಲಹೊಂಗಲಕ್ಕೆ ಹೋಗಿ ಫ್ಲೆಕ್ಸ್ ಅಂಗಡಿಯ ಗೆಳೆಯ ಕಾಡಪ್ಪನ ಮುಂದೆ ಕುಳಿತ. ಹೆಂಡತಿಯ ಫೋಟೋ ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದನ್ನೇ ಹಾಕಿ ಫ್ಲೆಕ್ಸ್ ಮಾಡಿಸಿದ: ಹಿಂದೆ ನೀಲಿ ಆಕಾಶ, ತುಂಬ ಬಿಳಿ ಮೋಡ, ಮೂಲೆಯಲ್ಲಿ ಒಂದು ವಿಮಾನ. ಮೋಡಗಳ ನಡುವೆ ನಗೆಯಿಲ್ಲದ ಶಟ್ಟೆವ್ವ. ಕೆಳಗೆ ಕೈಮುಗಿದು ನಿಂತ ಪರಸಪ್ಪ ಮತ್ತು ಹನ್ನೊಂದು ಜನ ಗೆಳೆಯರು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮೇಳದ ಹೆಸರು ಇತ್ತು. ಓದುವ ಗೋಜಿಗೆ ಯಾರೂ ಹೋಗಲಿಲ್ಲ.

ಫ್ಲೆಕ್ಸ್ ಬಸ್‌ಸ್ಟ್ಯಾಂಡಿನ ಎದುರು ನಿಂತ ಮರುದಿನ, ಮನೋಳಿಯಿಂದ ಶಟ್ಟೆವ್ವನ ಚಿಗವ್ವ ತಾಯವ್ವ ಮೊದಲ ಬಸ್ಸಿಗೇ ಬಂದಳು. ಯಾರೋ ಆಕೆಯ ಮೊಬೈಲಿಗೆ ಅದರ ಫೋಟೋ ಕಳಿಸಿದ್ದರು. ಓಣಿಯ ತುದಿಯಿಂದಲೇ ಅಳು ಕೇಳಿಸಿತು.

‘ಯವ್ವಾ ನನ್ನ ಬಂಗಾರಾ, ರೊಟ್ಟಿ ಬಡದ ಬಡದ ಹ್ವಾದೆಲ್ಲಬೇ!’

ಹಿಟ್ಟಿನ ಕೈಯಲ್ಲೇ ಶಟ್ಟೆವ್ವ ಬಾಗಿಲು ತೆಗೆದಳು. ತಾಯವ್ವನ ಅಳು ಅರ್ಧಕ್ಕೇ ನಿಂತಿತು.

‘ಅಯ್ಯ, ಇದ್ದೀ?’

‘ಇದ್ದೇನಿ ಚಿಗವ್ವ. ಒಳಗ ಬಾ.’

‘ಮತ್ತ ನಾ ಚಹಾ ಸೈತ ಕುಡೀದ ಓಡಿ ಬಂದೇನಲ್ಲ!’ ಎಂದು ಆಕೆ ಸಿಟ್ಟಾದಳು.

ಒಂಬತ್ತರ ಹೊತ್ತಿಗೆ ಇಪ್ಪತ್ತೆರಡು ಜನ ಸೇರಿದರು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರೇ ಬುತ್ತಿ ತಂದು ಉಣಿಸುತ್ತಾರೆ. ಸತ್ತವಳು ಬದುಕಿದ್ದರಿಂದ ಆ ಸವಲತ್ತೂ ತಪ್ಪಿತು. ತನಗಾಗಿ ಅಳಲು ಬಂದವರಿಗೆಲ್ಲ ಶಟ್ಟೆವ್ವನೇ ಚಹಾ ಕಾಸಿದಳು. ಇಬ್ಬರು ಸಕ್ಕರೆ ಕಡಿಮೆಯೆಂದರು.

ಕಟ್ಟೆಯ ಮೇಲೆ ತೀರ್ಮಾನ ಶುರುವಾಯಿತು. ‘ಜೀಂವ ಇದ್ದಾಕಿಗೆ ಮಂದಿ ಅತ್ತಾರ. ಇದು ಚಲೋ ಅಲ್ಲ. ಹೋಗೂದ ಬ್ಯಾಡ,’ ಎಂದಳು ಬಾಯವ್ವ.

‘ಅದನ್ನ ನಾನೂ ಹೇಳೂದು,’ ಪರಸಪ್ಪ ಗಂಟಲು ಸರಿಮಾಡಿಕೊಂಡ. ‘ನಿನ್ನೀತನಕಾ ಈಕಿ ಸಣ್ಣ ಮಂದಿ. ಈಗ ಮನೋಳಿತನಕಾ ಹೆಸರಾತು. ಇನ್ನ ಈಕಿ ಹತ್ತಿದ ವಿಮಾನ ಬೀಳೂದ ಗ್ಯಾರಂಟಿ.’

‘ಹೆಸರ ಮಾಡಿದಾವ ಯಾರೋ?’ ತಾಯವ್ವ ಕೇಳಿದಳು.



‘ಅದಿರ್ಲಿ, ಆರ ದಿನಾ ರೊಟ್ಟಿ ಯಾರ ಬಡಿತಾರ?’ ಎಂದಳು ಬಾಯವ್ವ. ಈ ಪ್ರಶ್ನೆಗೆ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ವಿಮಾನ ಬೀಳುವುದಕ್ಕಿಂತ ಇದು ಹತ್ತಿರದ ದುರಂತ.

ಪರಸಪ್ಪನೇ ದಾರಿ ತೋರಿಸಿದ. ‘ಟ್ರೇನಿಗೆ ಹೋಗೂಣು. ನಾನೂ ಬರತೇನಿ.’

ಶಟ್ಟೆವ್ವನ ಕಣ್ಣ ಮುಂದೆ ಆ ಟ್ರೇನು ಹಾದುಹೋಯಿತು. ಹೋಗಲು ಎರಡು ದಿನದ ಬುತ್ತಿ, ಅವನ ಚಟ್ನಿ, ಅವನ ಟವೆಲು, ದಿಲ್ಲಿಯಲ್ಲಿ ಅವನ ಅಂಗಿ ಒಗೆಯುವುದು, ಸಿಕ್ಕ ಪ್ಲಗ್ಗಿನಲ್ಲೆಲ್ಲ ಅವನ ಮೊಬೈಲು. ಅವಳು ಕಪ್ಪುಗಳನ್ನು ಜೋಡಿಸುತ್ತ ಕೇಳಿದಳು:

‘ಅಲ್ರಿ, ಆ ದೊಡ್ಡವರ ಜೋಡಿ ವಿಮಾನದಾಗ ಚಹಾ ಕೊಡೂ ಹುಡುಗಿನೂ ಇರತಾಳಲ್ಲ. ಆಕಿನೂ ಸತ್ತಿರಬೇಕಲ್ಲ?’

‘ಸತ್ತಿರತಾಳ.’

‘ಆಕಿ ಹೆಸರೇನ?’

‘ಅದನ್ನ ಯಾವ ವಿಡಿಯೋದಾಗೂ ಹೇಳೂದಿಲ್ಲ.’

ಕಪ್ಪು ತೊಳೆಯಲು ಹಿತ್ತಲಿಗೆ ಹೋದಮೇಲೆ ಶಟ್ಟೆವ್ವನಿಗೆ ಚಹಾ ಕೊಡುವ ಆ ಹುಡುಗಿಯದೇ ಚಿಂತೆ ಹತ್ತಿತು. ಗಂಡನ ಮಾತಿಗೆ ನಗುತ್ತಿದ್ದವಳು ಅದನ್ನೇ ಒಳಗೊಳಗೆ ತಾಯತದ ಹಾಗೆ ಕಟ್ಟಿಕೊಂಡಿದ್ದಳು: ಸಣ್ಣವಳು ನಾನು, ನನಗೇನೂ ಆಗದು. ಆ ತಾಯತ ಈಗ ಬಿಚ್ಚಿಹೋಯಿತು. ವಿಮಾನ ಬಿದ್ದರೆ ಸಣ್ಣವರೂ ಸಾಯುತ್ತಾರೆ. ಅವರ ಸುದ್ದಿ ಆಗುವುದಿಲ್ಲ, ಅಷ್ಟೇ.

ಸೆರಗಿನಲ್ಲಿ ಸಿಕ್ಕಿಸಿದ್ದ ಸಣ್ಣ ಫೋನು ಬಡಿದುಕೊಂಡಿತು. ರಂಜನಾ.

‘ಶಟ್ಟೆವ್ವಾರ, ಹತ್ತ ಗಂಟೇಕ ಹೆಸರ ಕಳಸಬೇಕ್ರಿ. ನಿಮ್ಮ ಯಜಮಾನ್ರು ಫೋನ್ ಮಾಡಿದ್ರು, ಟ್ರೇನಿಗೆ ಇಬ್ಬರ ಅಂತ. ಹಂಗ ಬರದ ಬಿಡ್ಲ್ಯಾ?’

ಎಮ್ಮೆ ಬಾಲ ಬೀಸಿತು. ಕಟ್ಟೆಯಿಂದ ಪರಸಪ್ಪನ ದನಿ ಕೇಳುತ್ತಿತ್ತು. ಯಾವುದೋ ಮಂತ್ರಿಯ ವಿಮಾನ ಈಗ ಗುಡ್ಡದ ಹತ್ತಿರ ಬಂದಿತ್ತು. ಶಟ್ಟೆವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ಗಟ್ಟಿಯಾಗಿ ಹಿಡಿದಳು.

‘ಬ್ಯಾಡ್ರಿ ಅಕ್ಕಾರ. ವಿಮಾನ ಬರೀರಿ. ನಾ ಒಬ್ಬಾಕಿನ ಬರತೇನಿ.’