ಹುಣಸೆಹಣ್ಣಿನಲ್ಲಿ ತಿಕ್ಕಿದ ಕೋವಿ

ಬಿಂಡಿಗನವಿಲೆಯ ನಮ್ಮ ಮನೆಯ ಗೋಡೆಯಲ್ಲಿ ಒಂದು ಕೋವಿ ತೂಗುತ್ತಿತ್ತು. ಬಾಯಿಂದ ಮದ್ದು ತುಂಬುವಂಥದ್ದು. “ಟಿಪ್ಪು ಕಾಲದ್ದು ಕಣ್ಲಾ” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನಾನು ನಂಬಿರಲಿಲ್ಲ. ನಮ್ಮ ಸೀಮೆಯಲ್ಲಿ ತುಸು ಹಳತಾದದ್ದೆಲ್ಲ ಟಿಪ್ಪು ಕಾಲದ್ದೇ, ನಮ್ಮಜ್ಜಿಯ ಒನಕೆಯೂ ಸೇರಿ.

ಕಳೆದ ವರ್ಷ ಅಪ್ಪನ ಕೈ ನಡುಗಲು ಶುರುವಾಯಿತು. ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡೋಣ ಎಂದು ತಾನೇ ಹೇಳಿದ. ಆದರೆ ಅದಕ್ಕೂ ಮೊದಲು ಅದರ ವಯಸ್ಸು, ಬೆಲೆ ತಿಳಿಯಲೇಬೇಕೆಂದು ಹಟ ಹಿಡಿದ. ಬೆಲೆ ಬರೀ ನೆಪ. ಜನ್ಮವಿಡೀ ತಾನು ಹೇಳಿಕೊಂಡು ಬಂದದ್ದು ಸುಳ್ಳಲ್ಲ ಎಂದು ಬಲ್ಲವರೊಬ್ಬರ ಬಾಯಲ್ಲಿ ಕೇಳಬೇಕಿತ್ತು ಅವನಿಗೆ.

ಕೋವಿಗೆ ಕಂಬಳಿ ಸುತ್ತಿ, ಪರವಾನಗಿ ಪುಸ್ತಕ ಜೇಬಿಗಿಟ್ಟುಕೊಂಡು ಬಾಡಿಗೆ ಕಾರಿನಲ್ಲಿ ಗಂಜಾಮಿಗೆ ಹೊರಟೆವು. ನಿಮಿಷಾಂಬನ ದರ್ಶನವೂ ಆಗುತ್ತದೆಂದು ಅವ್ವನೂ ಬಂದಳು. ಅಲ್ಲಿ ಮೊದಲು ಕೋವಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಸಾಬರೊಬ್ಬರಿದ್ದರು. ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದರು, ಭೂತಗನ್ನಡಿ ಇಟ್ಟು ತುಂಬಾ ಹೊತ್ತು ನೋಡಿದರು.

“ಮದ್ದಿಗೆ ಬಡಿಯೋ ಈ ಕುದುರೆ ಆಮೇಲೆ ಯಾರೋ ಹಾಕ್ಸಿದ್ದು. ನಳಿಗೆ ಹಳೇದೇ. ಎಷ್ಟು ಹಳೇದು ಅನ್ನೋಕೆ ಇಲ್ಲಿ ಮುದ್ರೆ ಇರ್ಬೇಕಿತ್ತು. ಪೂರಾ ಸಾಫ್! ಆ ಹಳೇ ಕಪ್ಪು ಬಣ್ಣನೂ ಇಲ್ಲ. ಬೆಲೆ ಕಟ್ಟೋದೇ ಅದನ್ನ ನೋಡಿ. ಅರೆ, ಯಾರು ಇಂಗೆ ತಿಕ್ಕಿದ್ದು?”

ಯಾರೆಂದು ನನಗೆ ಗೊತ್ತಿತ್ತು. ಪ್ರತಿ ಆಯುಧಪೂಜೆಗೆ ಅವ್ವ ಕುಡುಗೋಲು, ಮಚ್ಚು, ಕೋವಿ ಎಲ್ಲವನ್ನೂ ಹಿತ್ತಲಲ್ಲಿ ಹರಡಿಕೊಂಡು, ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಫಳಫಳ ಹೊಳೆಯುವವರೆಗೆ ತಿಕ್ಕುತ್ತಿದ್ದಳು. ದೇವರ ಮುಂದೆ ಕೊಳಕು ಆಯುಧ ಇಡುವುದುಂಟೆ? ಈಗ ಅವಳ ಮುಖ ಸಣ್ಣಗಾಯಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ಏನೋ ಅನ್ನಲು ಬಾಯಿ ತೆರೆದೆ.

“ನಾನೇ ಸಾಬ್ರೆ,” ಎಂದ ಅಪ್ಪ. “ಅಬ್ಬಕ್ಕೆ ಅಂತ ತಿಕ್ತಿದ್ದೆ. ಗೊತ್ತಾಗ್ನಿಲ್ಲ.”

ಉಂಡ ತಟ್ಟೆಯನ್ನೂ ತೊಳೆದವನಲ್ಲ ಅವನು! ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಅಪ್ಪನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ವಾಪಸ್ಸು ಬರುವಾಗ ಪಾಂಡವಪುರ ದಾಟಿದ ಮೇಲೆ ಅವ್ವ “ನಿಮ್ಮಾಸೆ ನನ್ನಿಂದ ಮಣ್ಣಾಯ್ತಲ್ಲ” ಎಂದು ಕಣ್ಣೊರೆಸಿಕೊಂಡಳು.

“ಸುಮ್ಕಿರಮ್ಮಿ. ನೀನು ತಿಕ್ಕಿದ್ದೇ ಒಳ್ಳೇದಾಯ್ತು. ಟಿಪ್ಪು ಕಾಲದ್ದಲ್ಲ ಅಂತ ಇನ್ ಯಾವನೂ ಏಳಂಗಿಲ್ಲ!”

ಅವ್ವ ಅಳುತ್ತಲೇ ನಕ್ಕಳು.

ಠಾಣೆಗೆ ಒಪ್ಪಿಸುವ ದಿನ ಬೆಳಿಗ್ಗೆ ನೋಡುತ್ತೇನೆ, ಅಪ್ಪ ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಇಟ್ಟುಕೊಂಡು ಕೂತಿದ್ದಾನೆ. ನಡುಗುವ ಕೈಯಲ್ಲಿ ನಾರು. ಪಕ್ಕದಲ್ಲಿ ಅವ್ವ, ನಳಿಗೆ ಅಲುಗದಂತೆ ಹಿಡಿದುಕೊಂಡು.

“ಇದೇನಪ್ಪ, ಇನ್ನೂ ತಿಕ್ತೀಯಾ?” ಎಂದೆ.

“ನಾನೇ ತಿಕ್ದೋನು ಅಂತ ಸಾಬ್ರಿಗೆ ಏಳ್ಬುಟ್ಟಿವ್ನಿ ಕಣ್ ಮಗ್ಳೆ,” ಎಂದ. “ಒಂದ್ಸಲನಾದ್ರೂ ತಿಕ್ಬೇಕಲ್ವಾ?”