ಟೀಚರಮ್ಮನ ಹುಲಿ ಪುಸ್ತಕ

ನಮ್ಮ ಟೀಚರಮ್ಮನ ಮುಂಬಲ್ಲುಗಳ ನಡುವೆ ಒಂದು ಸಂದಿ ಇತ್ತು. ಕಥೆಯ ಹಾವು ಬರುತ್ತಿದ್ದುದು ಆ ಸಂದಿಯಿಂದಲೇ. ನಾಲಿಗೆಯನ್ನು ಅದಕ್ಕೆ ಒತ್ತಿ ‘ಸ್ಸ್’ ಎಂದು ಉಸಿರು ಬಿಟ್ಟರೆ ಮುಂದಿನ ಸಾಲಿನಲ್ಲಿ ಕೂತ ನಾವು ಕಾಲು ಮೇಲೆತ್ತಿಕೊಳ್ಳುತ್ತಿದ್ದೆವು. ಆನೆಯ ಕಥೆಯಾದರೆ ಸೆರಗು ಸುತ್ತಿ ಸೊಂಡಿಲು ಮಾಡಿಕೊಳ್ಳುತ್ತಿದ್ದರು. ನರಿಗೆ ಮಾತ್ರ ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಒಂದು ಹುಬ್ಬು ಏರಿಸುತ್ತಿದ್ದರು. ನರಿ ಬಂತೆಂದು ನಮಗೆ ತಿಳಿಯುತ್ತಿತ್ತು.

ನಮ್ಮೂರು ಹಾಸನದ ಹತ್ತಿರ, ಸಾಲಗಾಮೆಯಿಂದ ಎರಡು ಮೈಲಿ. ಐವತ್ತರ ದಶಕದ ಕೊನೆಯ ಮಾತು. ಶಾಲೆಗೆ ಒಂದೇ ಕೋಣೆ, ನಾಲ್ಕು ತರಗತಿಗೂ ಒಬ್ಬರೇ ಟೀಚರು. ಅವರು ಚನ್ನರಾಯಪಟ್ಟಣದ ಕಡೆಯವರು. ನಮ್ಮೂರಿನಲ್ಲಿ ಅವರಿಗಿದ್ದ ನೆಂಟರೆಂದರೆ ಊರಾಚೆಯ ಕೇರಿಯ ಚಿಕ್ಕಮ್ಮ ಒಬ್ಬರೇ. ಅವರ ಮನೆಯಲ್ಲೇ ಇದ್ದರು. ಕೇರಿಯವರು ನಮ್ಮ ಜಗಲಿ ಹತ್ತುವುದಿಲ್ಲ ಎಂಬುದು ಎಂಟು ವರ್ಷದ ನನಗೆ ಗೊತ್ತಿತ್ತು. ಟೀಚರಮ್ಮನೂ ಅವರಲ್ಲೊಬ್ಬರು ಎಂಬುದು ತಲೆಗೆ ಹೋಗುತ್ತಿರಲಿಲ್ಲ. ಅಪ್ಪ ಅವರಿಗೆ ನಮಸ್ಕಾರ ಹೇಳುತ್ತಿದ್ದರು, ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಆದರೆ ಶಾಲೆಯ ವಿಷಯಕ್ಕೆ ಅವರು ಮನೆಗೆ ಬಂದರೆ ಮಾತೆಲ್ಲ ಅಂಗಳದಲ್ಲಿ ನಿಂತುಕೊಂಡೇ ಮುಗಿಯುತ್ತಿತ್ತು.

ಆ ವರ್ಷ ಇಲಾಖೆಯಿಂದ ಶಾಲೆಗೆ ಒಂದು ಪುಸ್ತಕ ಬಂತು. ಪ್ರಾಣಿಗಳ ಕಥೆಗಳು, ಪುಟಕ್ಕೊಂದು ಬಣ್ಣದ ಚಿತ್ರ, ಮೇಲೆ ಕೆಂಪು ಬಟ್ಟೆಯ ರಟ್ಟು. ನಮ್ಮ ಪಾಠದ ಪುಸ್ತಕದಲ್ಲಿ ಹಸುವೂ ಕಪ್ಪು, ಹುಲ್ಲೂ ಕಪ್ಪು. ಇದರಲ್ಲಿ ಹುಲಿ ಅರಿಸಿನ ಬಳಿದ ಹಾಗೆ ಹಳದಿಯಾಗಿತ್ತು. ಕಥೆಯಲ್ಲಿ, ಬೋನಿಗೆ ಬಿದ್ದ ಹುಲಿಯನ್ನು ದಾರಿಹೋಕನೊಬ್ಬ ಕನಿಕರಪಟ್ಟು ಬಿಡಿಸುತ್ತಾನೆ. ಅದು ಅವನನ್ನೇ ತಿನ್ನಲು ಬರುತ್ತದೆ. ನರಿ ಉಪಾಯ ಮಾಡಿ ಅದನ್ನು ಮತ್ತೆ ಬೋನಿಗೆ ಸೇರಿಸುತ್ತದೆ. ಆ ಕೊನೆಯ ಚಿತ್ರವನ್ನು ನೋಡಲು ನಾವು ಕಿತ್ತಾಡುತ್ತಿದ್ದೆವು.

ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆಂಬುದು ನಿಯಮ. ಟೀಚರಮ್ಮ ಕೇಳಲಿಲ್ಲ. “ಪೆಟ್ಟಿಗೇಲಿಟ್ರೆ ಇಲಿ ಓದ್ತವೆ. ನೀವು ಓದೋದು ಯಾವಾಗ?” ಎಂದು ದಿನಕ್ಕೊಬ್ಬರಂತೆ ನಮ್ಮ ಕೈಗೆ ಕೊಟ್ಟು ಮನೆಗೆ ಕಳಿಸತೊಡಗಿದರು. “ಮನೇಲಿ ಎಲ್ರಿಗೂ ಓದಿ ಹೇಳ್ಬೇಕು. ಅಜ್ಜಿ ಇದ್ರೆ ಮೊದಲು ಅಜ್ಜಿಗೆ.”

ನನ್ನ ಸರದಿ ಒಂದು ಶನಿವಾರ ಬಂತು. ಕಂಕುಳಲ್ಲಿ ಅವಚಿಕೊಂಡು ಓಡಿಬಂದೆ. ಅಜ್ಜಿ ಬಾಗಿಲಲ್ಲೇ ತಡೆದಳು.

“ಒಳಿಕ್ ತರಬ್ಯಾಡ. ಕೊಟ್ಟಿಗೇಲಿ ಮಡಗು.”

“ಯಾಕಜ್ಜಿ?”

“ನಿಮ್ ಟೀಚರಮ್ಮ ಮುಟ್ಟಿದ್ದು ಕಣವ್ವ.”

“ನನ್ ಸ್ಲೇಟ್ನೂ ಅವ್ರ್ ಮುಟ್ತಾರೆ. ಅದ ದಿನಾ ಒಳಿಕ್ ತತ್ತೀನಲ್ಲ?”

“ಸ್ಲೇಟ ತೊಳ್ದು ತತ್ತೀಯ. ಪುಸ್ತಕ ತೊಳಿಯಾಕಾಯ್ತದಾ?”

ಅಜ್ಜಿ ಅದನ್ನು ಆಗದ ಮಾತೆಂದೇ ಹೇಳಿದ್ದಳು. ನನಗೆ ಅದು ದಾರಿಯಂತೆ ಕೇಳಿಸಿತು. ದನ ನೀರು ಕುಡಿಯುವ ಕಲ್ಲುಬಾನಿಗೆ ಹೋಗಿ ಪುಸ್ತಕವನ್ನು ಅದ್ದಿದೆ. ಸ್ಲೇಟು ಉಜ್ಜುವ ಹಾಗೆ ಅಂಗೈಯಿಂದ ಒಂದೊಂದೇ ಪುಟ ಉಜ್ಜಿದೆ. ರಟ್ಟಿನ ಕೆಂಪು ನೀರಿಗಿಳಿಯಿತು. ಹೆದರಿಕೆಯಾಗಿ ಕೊಟ್ಟಿಗೆಯ ಹುಲ್ಲಿನ ಮೇಲೆ ಬಿಡಿಸಿಟ್ಟು ಅಜ್ಜಿಯನ್ನು ಕರೆಯಲು ಓಡಿದೆ.

“ತೊಳ್ದಿವ್ನಿ ಕಣಜ್ಜಿ. ಈಗ್ ಒಳಿಕ್ ತರ್ಲಾ?”

ನಾವಿಬ್ಬರೂ ಹೋಗಿ ನೋಡುವಷ್ಟರಲ್ಲಿ ಕರು ಒಂದು ಪುಟ ಕಿತ್ತು ಅಗಿಯುತ್ತಿತ್ತು. ಹುಲಿ ಬೋನಿಗೆ ಸೇರುವ ಪುಟ.

ಅಜ್ಜಿ ಹಣೆ ಚಚ್ಚಿಕೊಂಡಳು. ನನಗೆ ಹೊಡೆಯಲಿಲ್ಲ. ಆಮೇಲೆ ಅವಳು ಮಾಡಿದ್ದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ನನಗೆ ಇಂದಿಗೂ ತಿಳಿಯದು. ಕೊಟ್ಟಿಗೆಯ ನೆಲದ ಮೇಲೆ ಕೂತು, ಪುಸ್ತಕವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅಂಟಿಕೊಂಡ ಹಾಳೆಗಳನ್ನು ಹರಿಯದ ಹಾಗೆ ಒಂದೊಂದಾಗಿ ಬಿಡಿಸಿದಳು. ನಡುನಡುವೆ “ಇದ್ಯಾವ್ ಪ್ರಾಣಿ?” ಎಂದು ಕೇಳಿದಳು. ಸಂಜೆಯವರೆಗೂ ಹೀಗೆ ನಡೆಯಿತು. ಆಮೇಲೆ ಎದ್ದು ಹೋಗಿ ತಲೆಗೆ ನೀರು ಹುಯ್ದುಕೊಂಡಳು.

ಸೋಮವಾರ ಟೀಚರಮ್ಮನ ಮುಂದೆ ನಿಂತೆ. ಪುಸ್ತಕ ಉಬ್ಬಿ ದಿಂಬಿನಂತಾಗಿತ್ತು.

“ಹುಲಿ ಎಲ್ಲಿ?”

“ಕರ ತಿಂದ್ಬುಡ್ತು ಟೀಚರಮ್ಮ.”

“ಕರು ಹುಲೀನ ತಿಂತಾ?” ಎಂದು ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಡೀ ಶಾಲೆ ನಕ್ಕಿತು. “ಕೇಳಿದ್ರೇನ್ರೋ, ಇನ್ಮೇಲೆ ಹುಲಿ ಬೋನಿಂದ ಆಚೆಗೇ ಇರ್ತದೆ. ಎಲ್ರೂ ಹುಷಾರು!” ಆಮೇಲೆ ಹಾಳೆ ಮುಟ್ಟಿ ನೋಡಿದರು. “ನೀರಿಗೆ ಹೆಂಗೆ ಬಿತ್ತು?”

“ಬೀಳ್ಲಿಲ್ಲ. ನಾನೇ ತೊಳ್ದೆ.”

“ಯಾಕೆ?”

“ಒಳಿಕ್ ತರಾಕೆ.”

ಅವರ ನಗು ನಿಂತಿತು. ಬೈಯುತ್ತಾರೆಂದು ಕಾದೆ. ಅವರು ಪುಸ್ತಕ ಮುಚ್ಚಿ, “ಹೋಗಿ ಕೂತ್ಕೊ ಮಗು” ಎಂದರು. ಅವತ್ತು ಕಥೆ ಹೇಳಲಿಲ್ಲ. ಮಗ್ಗಿ ಹೇಳಿಸಿದರು. ನಾನು ತಪ್ಪು ಮಾಡಿದ್ದು ಪುಸ್ತಕ ಹಾಳುಮಾಡಿಯೋ, ನಿಜ ಹೇಳಿಯೋ ಎಂದು ಗೊತ್ತಾಗಲಿಲ್ಲ.

ತಿಂಗಳ ಮೇಲೆ ಇನ್‌ಸ್ಪೆಕ್ಟರು ಬಂದರು. ಶಾಲೆಯ ಸಾಮಾನುಗಳನ್ನು ಪಟ್ಟಿ ಹಿಡಿದು ನೋಡುತ್ತ ಬಂದು ಆ ಪುಸ್ತಕವನ್ನು ಎತ್ತಿ ಹಿಡಿದರು.

“ಏನಮ್ಮ ಇದು?”

“ನನ್ನಿಂದಲೇ ಆಯ್ತು ಸಾರ್. ಮನೆಗೆ ತಗೊಂಡ್ಹೋಗಿದ್ದೆ. ನೀರಿಗೆ ಬಿತ್ತು.”

“ಸರ್ಕಾರದ ಪುಸ್ತಕ ಮನೆಗೆ ತಗೊಂಡು ಹೋಗೋಕೆ ನಿಮಗೆ ಹೇಳಿದೋರ್ಯಾರು?”

ಇನ್‌ಸ್ಪೆಕ್ಟರು ಟೀಚರಮ್ಮನ ಬಗ್ಗೆ ಇನ್ನೂ ಏನೇನೋ ಅಂದರು, ಮಕ್ಕಳ ಮುಂದೆ ಅನ್ನಬಾರದ ಮಾತು. ನಾನು ಮುಂದಿನ ಸಾಲಿನಲ್ಲೇ ಇದ್ದೆ. ಎದ್ದು ಹೇಳಬೇಕೆಂದುಕೊಂಡೆ. ಏಳಲಿಲ್ಲ. ಶಾಲೆಯ ಮಕ್ಕಳೆಲ್ಲರಿಗೂ ನಿಜ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಇನ್‌ಸ್ಪೆಕ್ಟರು ಏನೋ ಬರೆದುಕೊಂಡು ಹೋದರು.

ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಉಳಿದು ಕೇಳಿದೆ, “ಟೀಚರಮ್ಮ, ಯಾಕ್ ಸುಳ್ಳೇಳಿದ್ರಿ?”

ಅವರು ಬೋರ್ಡು ಒರೆಸುತ್ತಿದ್ದರು. “ನಿಜ ಹೇಳೋಕೆ ಶುರು ಮಾಡಿದ್ರೆ ಪೂರ್ತಿ ಹೇಳ್ಬೇಕಾಗ್ತಿತ್ತು ಮಗು.”

ನನ್ನನ್ನು ಉಳಿಸಲು ಹಾಗೆ ಮಾಡಿದರೋ, ಪುಸ್ತಕ ಯಾಕೆ ತೊಳೆದದ್ದೆಂಬ ಮಾತು ಎಲ್ಲರೆದುರು ಬರದಿರಲಿ ಎಂದು ತಮ್ಮನ್ನು ತಾವೇ ಉಳಿಸಿಕೊಂಡರೋ? ಎಷ್ಟು ಸಲ ಯೋಚಿಸಿದರೂ ಒಮ್ಮೆ ಅದು ಸರಿ ಅನ್ನಿಸುತ್ತದೆ, ಒಮ್ಮೆ ಇದು.

ಅವರೆಕಾಯಿಯ ಕಾಲದಲ್ಲಿ ಅವರಿಗೆ ರಾಮನಾಥಪುರದ ಕಡೆಗೆ ವರ್ಗವಾಯಿತು. ಇನ್‌ಸ್ಪೆಕ್ಟರ ಬರಹದಿಂದಲೋ ಎಂದು ಅಪ್ಪನನ್ನು ಕೇಳಿದರೆ “ವರ್ಗ ಎಲ್ಲಾರ್ಗೂ ಆಯ್ತದೆ” ಅಂದರು. ಹೊರಡುವ ದಿನ ಟೀಚರಮ್ಮ ನಮ್ಮ ಅಂಗಳಕ್ಕೂ ಬಂದರು. ಅಜ್ಜಿ ಒಳಗಿಂದ ಒಂದು ಮೊರ ಅವರೆಕಾಯಿ ತಂದು, ಅವರೊಡ್ಡಿದ ಸೆರಗಿಗೆ ಎತ್ತರದಿಂದ, ತಾಕದ ಹಾಗೆ, ಸುರಿದಳು. ಸುರಿಯುತ್ತಲೇ ಅತ್ತಳು. “ನಮ್ ಕೂಸ್ಗೆ ಅಕ್ಸರ ಕಲಿಸ್ದೆ ಕಣ್ ತಾಯಿ. ನೀನೋದ್ರೆ ಇನ್ಯಾರ್ ಏಳ್ಕೊಟ್ಟಾರು?” ಆ ಅಳು ನಿಜವಾದದ್ದು. ಮೊರ ಹಿಡಿದಿದ್ದ ಎತ್ತರವೂ ನಿಜ. ಟೀಚರಮ್ಮ ಅಜ್ಜಿಯ ಮುಖವನ್ನೇ ನೋಡಿ, “ಹುಷಾರಾಗಿರಿ ಅಮ್ಮ” ಎಂದು ಹೊರಟರು.

ಹತ್ತು ವರ್ಷಗಳ ಮೇಲೆ ಮತ್ತೆ ಅವರನ್ನು ಕಂಡೆ, ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನಲ್ಲಿ. ನಾನಾಗ ಹಾಸನದಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದೆ. ಅವರೇ ನನ್ನನ್ನು ಗುರುತು ಹಿಡಿದರು. ನಮ್ಮ ಮನೆಯ ಮುಂದಿನ ಹೊಂಗೆಮರದ ಬಗ್ಗೆ, ಅಜ್ಜಿಯ ಮಂಡಿನೋವಿನ ಬಗ್ಗೆ ಕೇಳಿದರು. ಅಜ್ಜಿ ತೀರಿಕೊಂಡಳೆಂದಾಗ ಬೆಂಚಿನ ಮೇಲೆ ಕೂತುಬಿಟ್ಟರು. ನನಗೆ ಏಳರ ಮಗ್ಗಿ ಬರುತ್ತಿರಲಿಲ್ಲ ಎಂಬುದೂ ಅವರಿಗೆ ನೆನಪಿತ್ತು.

ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಲು ಇದೇ ಸಮಯ ಅನ್ನಿಸಿತು. “ಟೀಚರಮ್ಮ, ಅವತ್ತು ಇನ್‌ಸ್ಪೆಕ್ಟರ ಮುಂದೆ ನಾನು ಎದ್ದು ಹೇಳಬೇಕಾಗಿತ್ತು. ಆ ಪುಸ್ತಕ...”

“ಯಾವ ಪುಸ್ತಕ ಮಗು?”

“ಹುಲಿ ಪುಸ್ತಕ. ನಾನು ತೊಳೆದದ್ದು.”

ಅವರು ನನ್ನನ್ನೇ ನೋಡಿದರು. “ನನಗೆ ನೆನಪಿಲ್ಲವಲ್ಲ.”

ಮಗ್ಗಿ ನೆನಪಿದ್ದವರಿಗೆ ಇದು ಮರೆತಿತ್ತೇ? ಮರೆತೆ ಎಂದು ಹೇಳಿ ನನ್ನ ಹೊರೆ ಇಳಿಸಿದರೇ, ಅಥವಾ ಅದನ್ನು ಮತ್ತೆ ಕೇಳುವ ಶಕ್ತಿ ಅವರಿಗಿರಲಿಲ್ಲವೇ? ನಾನು ಕೇಳುವಷ್ಟರಲ್ಲಿ ಮೈಸೂರಿನ ರೈಲು ಬಂತು. ಅವರು ಹತ್ತಿ ಕೂತು ಕಿಟಕಿಯಿಂದ ಕೈಚಾಚಿ ನನ್ನ ಕೆನ್ನೆ ತಟ್ಟಿದರು.

“ಸ್ಕೂಲು ಸಿಕ್ಕಿದ್ಮೇಲೆ ಮಕ್ಕಳಿಗೆ ಪುಸ್ತಕ ಮನೆಗೆ ಕೊಡು. ಕೆಟ್ರೆ ಕೆಡ್ಲಿ.”

ಮರುವರ್ಷ ನನಗೆ ಅರಕಲಗೂಡು ತಾಲ್ಲೂಕಿನಲ್ಲಿ ಕೆಲಸ ಸಿಕ್ಕಿತು. ಹೇಳಿಬರೋಣವೆಂದು ರಾಮನಾಥಪುರಕ್ಕೆ ಹೋದರೆ, ಟೀಚರಮ್ಮ ಜ್ವರ ಬಂದು ತೀರಿಕೊಂಡು ಮೂರು ತಿಂಗಳಾಗಿತ್ತು.

ನಾನು ರಿಟೈರ್ ಆಗುವವರೆಗೂ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸಿದೆ. ಕೆಲವು ರಟ್ಟಿಲ್ಲದೆ ಬಂದವು, ಕೆಲವು ನೆನೆದು ಬಂದವು. ಹೇಗಾಯಿತೆಂದು ನಾನು ಯಾವ ಮಗುವನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದು ಒಳ್ಳೆಯದಾಯಿತೋ, ಕೇಳಬೇಕಿತ್ತೋ, ಹೇಳಿಕೊಡಲು ಟೀಚರಮ್ಮ ಇಲ್ಲ.